ಮುನ್ನೂರು ಹೆಜ್ಜೆ

ಮೂವತ್ತೆರಡು ವರ್ಷ ತಲಾಠಿಯಾಗಿ ದುಡಿದವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಉಳಿದುಬಿಡುತ್ತದೆ. ಹೊಸ ಊರಿಗೆ ಹೋದರೆ ಉಳಿದವರು ಗುಡಿ ಯಾವುದು, ಒಳ್ಳೆಯ ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ತಲಾಠಿ ಮಾತ್ರ ಈ ಹೊಲ ಯಾರದು, ಇವರಿಗಿಂತ ಮೊದಲು ಯಾರ ಹೆಸರಿಗಿತ್ತು ಎಂದು ಕೇಳುತ್ತಾನೆ. ಸರಕಾರ ನನಗೆ ಶಾಲು ಹೊದಿಸಿ ಮನೆಗೆ ಕಳಿಸಿತು. ಈ ಚಟವನ್ನು ಮಾತ್ರ ವಾಪಸು ಇಸಿದುಕೊಳ್ಳಲು ಮರೆತಿತು.

2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕೆಯ ಮೇರಿಲ್ಯಾಂಡ್ ರಾಜ್ಯದ ಸಾಲಿಸ್ಬರಿ ಎಂಬ ಊರಿಗೆ ಹೋದಾಗಲೂ ಹೀಗೆಯೇ ಆಯಿತು. ಒಂದು ಕಡೆ ಚೆಸಪೀಕ್ ಕೊಲ್ಲಿ, ಇನ್ನೊಂದು ಕಡೆ ಅಟ್ಲಾಂಟಿಕ್ ಸಮುದ್ರ, ನಡುವೆ ಅಂಗೈಯಂತೆ ಚಪ್ಪಟೆಯಾದ ನೆಲ. ಡೆಲವೇರ್, ಮೇರಿಲ್ಯಾಂಡ್, ವರ್ಜೀನಿಯಾ ಮೂರೂ ಹಂಚಿಕೊಂಡಿರುವುದರಿಂದ ಮೂರರ ಹೆಸರಿನ ಚೂರು ಕೂಡಿಸಿ ಇದಕ್ಕೆ ಡೆಲ್‌ಮಾರ್ವ ಎನ್ನುತ್ತಾರೆ. ಎತ್ತ ನೋಡಿದರೂ ಗೋವಿನಜೋಳ, ಸೋಯಾ, ಉದ್ದುದ್ದ ಕೋಳಿ ಶೆಡ್ಡುಗಳು. ಬಿಜಾಪುರದ ಎರೆ ಬಯಲು ನೋಡಿ ಬೆಳೆದ ಕಣ್ಣಿಗೆ ಈ ಬಯಲು ಪರಕೀಯವೆನಿಸಲಿಲ್ಲ. ನೀರು ಮಾತ್ರ ಅತಿಯಾಯಿತು. ಒಂದು ಹೊಲ ದಾಟಿದರೆ ಒಂದು ಹಳ್ಳ, ಎರಡು ಹೊಲ ದಾಟಿದರೆ ಒಂದು ಹೊಳೆ. ಆ ಹೊಳೆಗಳಲ್ಲಿ ಸಮುದ್ರದ ಉಬ್ಬರ ಬಂದಾಗ ನೀರು ಹಿಂದಕ್ಕೆ ಹರಿಯುತ್ತದೆ. ಹಿಂದಕ್ಕೆ ಹರಿಯುವ ನದಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೊದಲ ಶನಿವಾರ ಅಳಿಯಂದಿರು ಕಾರಿನಲ್ಲಿ ವಾಷಿಂಗ್ಟನ್ನಿಗೆ ಕರೆದುಕೊಂಡು ಹೊರಟರು. ಹದಿನೈದು ಮೈಲಿಯ ಸುಮಾರಿಗೆ ವಿಯೆನ್ನಾ ಎಂಬ ಪುಟ್ಟ ಊರಿನ ಹತ್ತಿರ ಎತ್ತರದ ಸೇತುವೆ. ಫಲಕದ ಮೇಲೆ ನ್ಯಾಂಟಿಕೋಕ್ ನದಿ ಎಂದಿತ್ತು.

“ಇದು ಇಂಗ್ಲಿಷ್ ಹೆಸರಲ್ಲ ಕಾಣ್ತದಲ್ಲರಿ?” ಎಂದೆ.

“ಅಲ್ಲರಿ ಮಾವಾರ. ಇಲ್ಲಿ ಮದಲ ಇದ್ದ ಮಂದೀ ಹೆಸರದು.”

“ಈಗ ಅವರು ಎಲ್ಲಿ ಅದಾರ?”

ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನೆ ಕಾರು ನಡೆಸಿದರು. “ಗೊತ್ತಿಲ್ಲರಿ. ಹನ್ನೊಂದು ವರ್ಷ ಆತು ನಾವು ಇಲ್ಲಿ ಬಂದು, ಯಾರನ್ನೂ ಕೇಳೇ ಇಲ್ಲ.”

ಆ ಸೀಮೆಯಲ್ಲಿ ವಿಕೊಮಿಕೊ, ಪೊಕೊಮೋಕ್, ಚಾಪ್‌ಟ್ಯಾಂಕ್ ಎಂದು ಇನ್ನೂ ಎಷ್ಟೋ ಹೊಳೆಗಳಿವೆ. ಎಲ್ಲವೂ ಆ ಮೊದಲಿನವರ ಹೆಸರುಗಳೇ. ನೆಲದ ಖಾತೆಯೆಲ್ಲ ಬದಲಾದರೂ ನೀರಿನ ಖಾತೆ ಬದಲಾಗಿಲ್ಲ. ವಾಷಿಂಗ್ಟನ್ನಿನಲ್ಲಿ ನೋಡಿದ್ದು ಈಗ ಸರಿಯಾಗಿ ನೆನಪಿಲ್ಲ. ಆ ಸೇತುವೆ ನೆನಪಿದೆ.

ಮಗಳು ನನ್ನ ಸ್ವಭಾವ ಬಲ್ಲವಳು. ಸೋಮವಾರವೇ ಸಾಲಿಸ್ಬರಿಯ ವಿಶ್ವವಿದ್ಯಾಲಯಕ್ಕೆ ಕರೆದೊಯ್ದು, ಅಲ್ಲಿನ ನ್ಯಾಬ್ ಕೇಂದ್ರವೆಂಬ ಸ್ಥಳೀಯ ಇತಿಹಾಸದ ಗ್ರಂಥಾಲಯದಲ್ಲಿ ನನ್ನನ್ನು ಕೂಡಿಸಿ, “ಸಂಜೀಗೆ ಬರ್ತೀನಪಾ, ಎಲ್ಲೂ ಹೋಗಬ್ಯಾಡ್ರಿ” ಎಂದು ಹೇಳಿ ಹೋದಳು. ಚಿಕ್ಕಂದಿನಲ್ಲಿ ನಾನು ಅವಳನ್ನು ಚಾವಡಿಯ ಕಟ್ಟೆಯ ಮೇಲೆ ಕೂಡಿಸಿ ಹೇಳುತ್ತಿದ್ದದ್ದು ಇದೇ ಮಾತು. ಮೇರಿಲ್ಯಾಂಡಿನ ಹಳೆಯ ಕೌನ್ಸಿಲ್ಲಿನ ನಡಾವಳಿ, ಕಾಯಿದೆ, ಒಪ್ಪಂದಗಳನ್ನೆಲ್ಲ ಅಲ್ಲಿ ಸಂಪುಟ ಸಂಪುಟವಾಗಿ ಅಚ್ಚು ಮಾಡಿ ಇಟ್ಟಿದ್ದಾರೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಕಡತದ ಭಾಷೆ ಯಾವ ದೇಶದಲ್ಲಿಯೂ ಒಂದೇ ಎಂಬುದು ಎರಡು ದಿನಗಳಲ್ಲಿ ತಿಳಿಯಿತು.

ನ್ಯಾಂಟಿಕೋಕ್ ಎಂದರೆ ಉಬ್ಬರದ ನೀರಿನ ಜನ ಎಂದು ಅರ್ಥವಂತೆ. 1608ರಲ್ಲಿ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಕಪ್ತಾನ ದೋಣಿಯಲ್ಲಿ ಈ ನದಿಯ ಬಾಯಿಗೆ ಬಂದಾಗ ಇವರು ಮರದ ತುದಿ ಹತ್ತಿ ಬಾಣ ಬಿಟ್ಟರು. ಅವನು ಕೋವಿ ಹಾರಿಸಿದ. ಆಮೇಲೆ ದಡಕ್ಕೆ ಇಳಿದು ನೋಡಿದರೆ ಮನೆಗಳಲ್ಲಿ ಒಲೆಗಳು ಉರಿಯುತ್ತಿದ್ದವು, ಜನ ಇರಲಿಲ್ಲ. ಅವನು ತಾಮ್ರದ ಚೂರು, ಮಣಿ, ಗಂಟೆ, ಕನ್ನಡಿಗಳನ್ನು ಅಲ್ಲಿ ಇಟ್ಟುಬಂದ. ಮರುದಿನ ಇವರೇ ಬಂದು ವ್ಯಾಪಾರಕ್ಕೆ ಕೂತರು. ಆ ಕೊಲ್ಲಿಯ ಸುತ್ತ ಇವರಷ್ಟು ಜಾಣ ವ್ಯಾಪಾರಿಗಳಿಲ್ಲವೆಂದು ಸ್ಮಿತ್ ಬರೆದುಕೊಂಡಿದ್ದಾನೆ. ಈ ಖಾಲಿ ಮನೆಯ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಇವರ ಊರುಗಳು ನಮ್ಮ ಊರುಗಳಂತೆ ಅಗಸಿಯೊಳಗೆ ಒತ್ತಿಕೊಂಡು ಇರುತ್ತಿರಲಿಲ್ಲ. ನದಿಯ ಉದ್ದಕ್ಕೆ ಒಂದು ಮನೆ, ಒಂದು ತೋಟ, ಮತ್ತೊಂದು ಮನೆ, ನಡುವೆ ಕಾಡು. ಜೋಳ, ಅವರೆ, ಕುಂಬಳಗಳನ್ನು ಹೆಂಗಸರು ಬೆಳೆಯುತ್ತಿದ್ದರು. ನೆಲ ದಣಿದರೆ ಹೊಸ ನೆಲ ಕಡಿದು ಹಳೆಯದಕ್ಕೆ ವಿಶ್ರಾಂತಿ. ಒಂದು ಋತುವಿನಲ್ಲಿ ಮೀನು, ಸಿಂಪಿಗಳಿಗಾಗಿ ನೀರಿನ ಕಡೆಗೆ. ಚಳಿ ಬಿತ್ತೆಂದರೆ ಜಿಂಕೆಯ ಬೇಟೆಗೆ ಒಳನಾಡಿಗೆ, ಊರಿಗೆ ಊರೇ ಹೋಗುವುದು, ಬಿತ್ತನೆಯ ಹೊತ್ತಿಗೆ ತಿರುಗಿ ಬರುವುದು. ವರ್ಷದಲ್ಲಿ ಎಷ್ಟೋ ತಿಂಗಳು ಊರು ಖಾಲಿ. ಖಾಲಿಯೆಂದರೆ ಬಿಟ್ಟದ್ದು ಎಂದಲ್ಲ. ಇದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಇಂಗ್ಲಿಷರಿಗೆ ಹೇಳಿದರೂ ತಿಳಿಯಲಿಲ್ಲ.

ಊರೂರಿಗೆ ಒಬ್ಬ ಹಿರಿಯ, ಎಲ್ಲರ ಮೇಲೆ ಒಬ್ಬ ದೊಡ್ಡವ. ಅವನಿಗೆ ಅವರ ಮಾತಿನಲ್ಲಿ ತಲ್ಲಕ್ ಎನ್ನುತ್ತಿದ್ದರು. ಇಂಗ್ಲಿಷರು ಅವನನ್ನು ಎಂಪರರ್, ಅಂದರೆ ಚಕ್ರವರ್ತಿ ಎಂದು ಕರೆದರು. ಇಷ್ಟು ದೊಡ್ಡ ಬಿರುದನ್ನು ಪ್ರೀತಿಯಿಂದ ಕೊಟ್ಟರೆಂದು ನಾನು ನಂಬುವುದಿಲ್ಲ. ಹತ್ತು ಊರುಗಳ ಹತ್ತು ಹಿರಿಯರ ಹತ್ತಿರ ಹತ್ತು ಸಲ ಹೋಗುವುದಕ್ಕಿಂತ ಒಬ್ಬನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕೆಲಸ ಸಲೀಸು. ನಾವೂ ಹಾಗೆಯೇ ಮಾಡುತ್ತಿದ್ದೆವು. ನಾಲ್ಕು ಜನ ಅಣ್ಣತಮ್ಮಂದಿರ ಹೊಲಕ್ಕೆ ಹಿರಿಯವನೊಬ್ಬನ ಸಹಿ ತೆಗೆದುಕೊಂಡು ‘ಇತರರ ಒಪ್ಪಿಗೆ ಇರುತ್ತದೆ’ ಎಂದು ಷರಾ ಬರೆಯುವುದು.

1668ರಲ್ಲಿ ಉನ್ನಕೊಕಸಿಮ್ಮನ್ ಎಂಬ ಚಕ್ರವರ್ತಿ ಮೇರಿಲ್ಯಾಂಡ್ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡ. ಅದಕ್ಕೆ ಇಪ್ಪತ್ತಾರು ವರ್ಷ ಮೊದಲು, 1642ರಲ್ಲಿ, ಇದೇ ಸರಕಾರ ಇವರನ್ನು ಶತ್ರುಗಳೆಂದು ಸಾರಿತ್ತು. ಆ ಕಾಲದ ಒಪ್ಪಂದಗಳಲ್ಲಿ ಒಂದು ಕಲಮು ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷರಿಗೆ ಒಬ್ಬ ಇಂಡಿಯನ್ನನಿಂದ ಇನ್ನೊಬ್ಬನನ್ನು ಗುರುತಿಸುವುದು ಸುಲಭವಲ್ಲವಾದ್ದರಿಂದ, ಮುಖಕ್ಕೆ ಬಣ್ಣ ಬಳಿದುಕೊಂಡು ಯಾರೂ ಇಂಗ್ಲಿಷರ ಹೊಲಮನೆಗೆ ಬರತಕ್ಕದ್ದಲ್ಲ. ಕಡಿದು ಹಸನು ಮಾಡಿದ ನೆಲಕ್ಕೆ ಮುನ್ನೂರು ಹೆಜ್ಜೆ ದೂರವಿರುವಾಗಲೇ ಗಟ್ಟಿಯಾಗಿ ಕೂಗಿ, ಆಯುಧ ಕೆಳಗಿಡತಕ್ಕದ್ದು. ಇದನ್ನು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ತನ್ನ ಅಜ್ಜ ಮುತ್ತಜ್ಜರು ತಿರುಗಾಡಿದ ನೆಲದಲ್ಲಿ ಒಬ್ಬ ಮನುಷ್ಯ ಮುನ್ನೂರು ಹೆಜ್ಜೆ ದೂರ ನಿಂತು “ನಾನು ಬಂದಿದ್ದೇನೆ” ಎಂದು ಕೂಗಬೇಕು. ಇಂಗ್ಲಿಷರ ದನ, ಹಂದಿಗಳು ಇವರ ಜೋಳಕ್ಕೆ ಬರುವಾಗ ಹೀಗೆ ಕೂಗುತ್ತಿರಲಿಲ್ಲ. ಆ ಬಗ್ಗೆ ತಕರಾರು ಹೇಳಿಕೊಳ್ಳಲು ಚಕ್ರವರ್ತಿಯೇ ರಾಜಧಾನಿಯವರೆಗೆ ಹೋಗಬೇಕಾಗುತ್ತಿತ್ತು. ಹಂದಿಯ ಮೇಲೆ ಅರ್ಜಿ ಹಿಡಿದುಕೊಂಡು ಹೋಗುವ ಚಕ್ರವರ್ತಿ! ನಗು ಬರಬೇಕಾದ ಜಾಗ, ನನಗೆ ಬರಲಿಲ್ಲ.

ಉನ್ನಕೊಕಸಿಮ್ಮನ್ 1680ರ ದಶಕದಲ್ಲಿ ತೀರಿಕೊಂಡ. ಮುಂದೆ ಯಾರು ಕೂತರೂ ಮೇರಿಲ್ಯಾಂಡಿನ ಕೌನ್ಸಿಲ್ ಒಪ್ಪಬೇಕು, ಹಳೆಯ ಒಪ್ಪಂದಕ್ಕೆ ಹೊಸಬ ಮತ್ತೆ ಗುರುತು ಹಾಕಬೇಕು. ಚಕ್ರವರ್ತಿಯ ಗಾದಿ ಮೆಲ್ಲಗೆ ಪೋಲೀಸ್ ಪಾಟೀಲಕಿಯ ಹಾಗೆ ಆಯಿತು. ಗೌರವ ಊರಿನದು, ನೇಮಕ ಮೇಲಿನವರದು.

ಇಷ್ಟರಲ್ಲಿ, 1684ರಲ್ಲಿ, ಇವರಿಗೆಂದು ಒಂದು ಮೀಸಲು ನೆಲವನ್ನು ಗುರುತಿಸಿದ್ದರು. ಚಿಕೋನ್ ಎಂಬ ಹಳ್ಳ ನದಿಗೆ ಸೇರುವ ಕಡೆ, ಐದು ಸಾವಿರ ಎಕರೆಗೂ ಮೇಲ್ಪಟ್ಟು. ಅವರ ದೊಡ್ಡ ಊರು ಇದ್ದದ್ದೂ ಅಲ್ಲಿಯೇ. 1698ರಲ್ಲಿ ಒಂದು ಸಲ, 1704ರಲ್ಲಿ ಇನ್ನೊಂದು ಸಲ ಅದಕ್ಕೆ ಕಾಯಿದೆಯನ್ನೂ ಮಾಡಿದರು. ಆ ಕಾಯಿದೆಯನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಳಗೆ ಪ್ಯಾನ್ಕ್ವಾಶ್ ಮತ್ತು ಅನೊಟೊಕ್ವಾನ್ ಎಂಬ ಇಬ್ಬರು ಮುಖಂಡರ ಹೆಸರಿದೆ. ಅವರಿಗೂ ಅವರ ಕೈಕೆಳಗಿನ ಜನರಿಗೂ ವಾರಸುದಾರರಿಗೂ ಈ ನೆಲ ಶಾಶ್ವತವಾಗಿ ಸಲ್ಲತಕ್ಕದ್ದು, ವರ್ಷಕ್ಕೆ ಒಂದು ಬೀವರ್ ಚರ್ಮ ಕಂದಾಯ. ಬಲು ಚೆಂದ. ಆದರೆ ಕಾಯಿದೆಯ ತಲೆಬರಹದಲ್ಲಿ ಇನ್ನೊಂದು ಮಾತಿದೆ: ಅವರು ಅದನ್ನು ಸ್ವಾಧೀನದಲ್ಲಿಟ್ಟುಕೊಂಡು ಅದರ ಮೇಲೆ ವಾಸವಾಗಿರುವಷ್ಟು ಕಾಲ.

ಒಳಗೆ ಶಾಶ್ವತ, ತಲೆಯ ಮೇಲೆ ಇರುವಷ್ಟು ಕಾಲ. ಈ ವಾಕ್ಯದ ಮುಂದೆ ನಾನು ಸುಮಾರು ಹೊತ್ತು ಕೂತೆ. ಇದನ್ನು ಬರೆದ ಗುಮಾಸ್ತ ಯಾರೋ ಏನೋ, ಅವನ ಕೈ ನನಗೆ ಪರಿಚಯವಿತ್ತು.

ಈಗ ನನ್ನ ಒಂದು ಸಂಗತಿ ಹೇಳಲೇಬೇಕು. 1986ರ ಸುಮಾರಿನ ಬರದಲ್ಲಿ ನಾನಿದ್ದ ಊರಿನಿಂದ ಹತ್ತಿಪ್ಪತ್ತು ಮನೆಗಳು ಗುಳೆ ಹೋದವು. ಕಬ್ಬು ಕಡಿಯಲು ಕೆಲವರು, ಕಟ್ಟಡದ ಕೆಲಸಕ್ಕೆ ಗೋವೆಗೆ ಕೆಲವರು. ಬಾಗಿಲಿಗೆ ಬೋರಿಗಿಡದ ಮುಳ್ಳು ಜಡಿದು ಹೋಗಿದ್ದರು. ಬೆಳೆ ಬರೆಯಲು ಹೋದಾಗ ಅವರ ಹೊಲಗಳು ಖಾಲಿ ಇದ್ದವು. ಉತಾರದಲ್ಲಿ ‘ಪಡ’ ಎಂದು ಬರೆದೆ. ಎರಡನೆಯ ವರ್ಷವೂ ಪಡ. ಮೂರನೆಯ ವರ್ಷ ಒಂದು ಹೊಲದಲ್ಲಿ ಬದಿಯ ಹೊಲದವನು ಜೋಳ ಬಿತ್ತಿದ್ದ. ಪಂಚರಿಬ್ಬರು ಹೌದೆಂದರು, ಸಾಗುವಳಿದಾರನ ಕಾಲಮ್ಮಿನಲ್ಲಿ ಅವನ ಹೆಸರು ಬರೆದೆ. ಸುಳ್ಳೇನೂ ಬರೆಯಲಿಲ್ಲ. ಲಂಚವನ್ನೂ ತಿನ್ನಲಿಲ್ಲ, ಇದನ್ನು ಓದುಗರು ನಂಬಬಹುದು, ಬಿಡಬಹುದು. ಕಂಡದ್ದನ್ನು ಬರೆದೆ. ಮಳೆ ಹಿಡಿದ ಮೇಲೆ ಆ ಹೊಲದ ಮುದುಕ ತಿರುಗಿ ಬಂದ. ಚಾವಡಿಯಲ್ಲಿ ಉತಾರ ಓದಿಸಿಕೊಂಡು ಕೇಳಿ, ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದ: “ಸಾಹೇಬ್ರ, ನಾವು ಹೋಗಿದ್ವಿ ಖರೆ. ಬಿಟ್ಟು ಹೋಗಿರಲಿಲ್ಲರಿ.”

ಆ ಎರಡು ಮಾತುಗಳ ನಡುವಿನ ಅಂತರಕ್ಕೆ ನನ್ನ ಫಾರ್ಮಿನಲ್ಲಿ ಕಾಲಮ್ಮು ಇರಲಿಲ್ಲ. ವ್ಯಾಜ್ಯ ಬೆಳೆಯಿತು, ನನಗೆ ವರ್ಗವಾಯಿತು. ಏಳು ವರ್ಷದ ಮೇಲೆ ಅರ್ಧ ಹೊಲಕ್ಕೆ ರಾಜಿಯಾಯಿತೆಂದೂ ಅಷ್ಟರಲ್ಲಿ ಮುದುಕ ಇರಲಿಲ್ಲವೆಂದೂ ಯಾರೋ ಹೇಳಿದರು.

ಚಿಕೋನಿನಲ್ಲಿ ಆದದ್ದೂ ಇದೇ ಬಗೆಯದು, ಆದರೆ ಒಂದು ಹೊಲಕ್ಕಲ್ಲ, ಒಂದು ಕುಲಕ್ಕೆ. ಬೇಟೆಗೆ ಹೋದವರು ತಿರುಗಿ ಬಂದಾಗ ತಮ್ಮ ನೆಲದ ಮೇಲೆ ಯಾರೋ ಬೇಲಿ ಹಾಕಿರುತ್ತಿದ್ದರು. ಬಿಟ್ಟುಹೋದ ನೆಲವೆಂದು ತಿಳಿದೆವು ಎನ್ನುವರು. ಕಾಯಿದೆಯೂ ಅವರ ಕೈಯಲ್ಲಿಯೇ ಇತ್ತಲ್ಲ, ವಾಸವಾಗಿರುವಷ್ಟು ಕಾಲ ಎಂದು. ಹೀಗಾಗಿ ತಮ್ಮ ಹಕ್ಕು ಉಳಿಸಿಕೊಳ್ಳಬೇಕಾದರೆ ಹೊಟ್ಟೆಗೆ ಬೇಕಾದ ಬೇಟೆಗೆ ಹೋಗದೆ ಮನೆ ಕಾಯಬೇಕು. ಬೇಟೆಗೆ ಹೋದರೆ ನೆಲ ಹೋಗುತ್ತದೆ. 1711ರಲ್ಲಿ ನದಿಯ ಮೇಲುಗಡೆ, ಈಗ ಡೆಲವೇರ್ ರಾಜ್ಯದ ಲಾರೆಲ್ ಊರಿರುವ ಬ್ರಾಡ್ ಕ್ರೀಕ್ ದಂಡೆಯಲ್ಲಿ, ಮೂರು ಸಾವಿರ ಎಕರೆ ಇನ್ನೊಂದು ಮೀಸಲು ಕೊಟ್ಟರು. 1723ರಲ್ಲಿ ಮತ್ತೊಂದು ಕಾಯಿದೆ: ಪೂರ್ತಿಯಾಗಿ ತೊರೆದು ಹೋಗುವವರೆಗೆ ನೆಲ ಇವರದೇ ಎಂದು. ಮಾತು ಸ್ವಲ್ಪ ಮೆತ್ತಗಾಯಿತು. ಆದರೆ ಪೂರ್ತಿ ತೊರೆದರೋ ಇಲ್ಲವೋ ಎಂದು ನಿರ್ಣಯಿಸುವವರು ಯಾರು? ನನ್ನಂಥವರೇ.

1742ರ ಬೇಸಿಗೆಯಲ್ಲಿ ಎಲ್ಲ ಊರುಗಳವರೂ ಊರು ಖಾಲಿ ಮಾಡಿ ವಿನ್ನಸೊಕಮ್ ಎಂಬ ಜವುಗು ಕಾಡಿನಲ್ಲಿ ಕೂಡಿದರು. ಶಾನಿ ಎಂಬ ಇನ್ನೊಂದು ಕುಲದ ಮುಖಂಡನೂ ಜೊತೆಗಿದ್ದ. ಇಂಗ್ಲಿಷರ ಮೇಲೆ ಏಳುವ ಮಾತು ನಡೆದಿತ್ತು. ಸುದ್ದಿ ಹೊರಬಿತ್ತು, ಹಿರಿಯರನ್ನು ಹಿಡಿದರು. ಬಿಡುಗಡೆಗೆ ಹೊಸ ಒಪ್ಪಂದ: ಇನ್ನು ಮೇಲೆ ಚಕ್ರವರ್ತಿ ಎಂಬುವನೇ ಇರಕೂಡದು, ಒಂದೊಂದು ಊರೂ ನೇರ ಗವರ್ನರನ ಕೈಕೆಳಗೆ. ಸಹಿಗೆ ಒಬ್ಬ ಬೇಕಾಗಿದ್ದಾಗ ಚಕ್ರವರ್ತಿ ಬೇಕಿದ್ದ. ಆ ಒಬ್ಬನ ಸುತ್ತ ಹತ್ತು ಊರು ಕೂಡಬಲ್ಲವು ಎಂದು ಕಂಡ ದಿನ ಅವನು ಬೇಡವಾದ.

ಎರಡು ವರ್ಷಕ್ಕೆ, 1744ರಲ್ಲಿ, ಇವರು ತಾವಾಗಿಯೇ ಉತ್ತರಕ್ಕೆ ಹೋಗಲು ಅಪ್ಪಣೆ ಕೇಳಿ ಪಡೆದರು. ದೋಣಿಗಳಲ್ಲಿ ಸಸ್ಕ್ವೆಹಾನ ನದಿ ಹಿಡಿದು ಪೆನ್ಸಿಲ್ವೇನಿಯಾದ ವಯೋಮಿಂಗ್ ಕಣಿವೆಗೆ, ಅಲ್ಲಿಂದ 1753ರಲ್ಲಿ ಇನ್ನೂ ಮೇಲೆ, ನ್ಯೂಯಾರ್ಕಿನ ಈಗಿನ ಬಿಂಗ್‌ಹ್ಯಾಮ್ಟನ್ ಬಳಿಯ ಒಟ್ಸಿನಿಂಗೊಗೆ, ಇರೊಕ್ವಾಯ್ ಒಕ್ಕೂಟದ ಆಶ್ರಯಕ್ಕೆ.

ಇಲ್ಲಿ ಒಂದು ಸಂಗತಿ ಇದೆ. ಇವರು ಸತ್ತವರನ್ನು ಮರೆಯುವ ಜನರಲ್ಲ. ದೊಡ್ಡವರ ದೇಹಗಳನ್ನು ಕಾಪಾಡಿ ಇಡಲು ಅವರಲ್ಲಿ ಬೇರೆ ಮನೆಯೇ ಇರುತ್ತಿತ್ತು. 1792ರಲ್ಲಿ ವಿಲಿಯಂ ವ್ಯಾನ್ಸ್ ಮರೆ ಎಂಬ ಸಂಸದ, ಥಾಮಸ್ ಜೆಫರ್ಸನ್ ಕೇಳಿದನೆಂದು, ಚಾಪ್‌ಟ್ಯಾಂಕ್ ನದಿಯ ದಂಡೆಯಲ್ಲಿ ಉಳಿದಿದ್ದ ನಾಲ್ಕು ಗುಡಿಸಲುಗಳಿಗೆ ಹೋಗಿ ಒಬ್ಬ ಮುದುಕಿಯಿಂದ ಅವರ ಭಾಷೆಯ ಶಬ್ದಗಳನ್ನು ಬರೆದುಕೊಂಡ. ಅವಳು ಶಬ್ದಗಳ ಸಂಗಡ ಇದನ್ನೂ ಹೇಳಿದಳು: ತಮ್ಮ ಕೊನೆಯ ದೊರೆ ವೈನಿಯಾಕೊ ಸತ್ತು ಎಪ್ಪತ್ತೈದು ಎಂಬತ್ತು ವರ್ಷವಾಯಿತು, ಅವನ ದೇಹವನ್ನು ಅಂಥ ಮನೆಯಲ್ಲಿ ಇಟ್ಟಿದ್ದರು ಎಂದು. ಹೀಗಿರುವಾಗ ಉಳಿದವರು ಬೇಟೆಗೆ ಹೋದರೆ ಊರು ಹೇಗೆ ಖಾಲಿಯಾದೀತು? ಹಿರಿಯರು ಮನೆಯಲ್ಲಿಯೇ ಇರುತ್ತಿದ್ದರಲ್ಲ!

ಉತ್ತರಕ್ಕೆ ಹೊರಟಾಗ ಅವರು ಆ ಹಿರಿಯರನ್ನು ಬಿಟ್ಟು ಹೋಗಲಿಲ್ಲ. ಜಾನ್ ಹೆಕ್‌ವೆಲ್ಡರ್ ಎಂಬ ಮೊರೇವಿಯನ್ ಪಾದ್ರಿ 1819ರ ತನ್ನ ಪುಸ್ತಕದಲ್ಲಿ ಚಿಕ್ಕಂದಿನ ನೆನಪೊಂದನ್ನು ಹೇಳುತ್ತಾನೆ. 1750ರಿಂದ 60ರ ನಡುವೆ ನ್ಯಾಂಟಿಕೋಕರು ಸತ್ತವರ ಎಲುಬುಗಳನ್ನು ಹೊತ್ತುಕೊಂಡು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಪಟ್ಟಣದ ಬೀದಿಯಲ್ಲಿ ಹೋಗುತ್ತಿದ್ದರು. ಕೆಲವು ಇನ್ನೂ ಹಸಿಯಾಗಿದ್ದವು, ನಾತ ಬರುತ್ತಿತ್ತು. ನೂರಾರು ಮೈಲಿ ಅವನ್ನು ಬೆನ್ನ ಮೇಲೆ ಹೊತ್ತರು. ಹೊಸ ಊರಿಗೆ ಹೋಗಿ ಮುಟ್ಟಿದ ಮೇಲೂ ಉಳಿದವರನ್ನು ತರಲು ಮತ್ತೆ ಮತ್ತೆ ಬಂದರು.

ಆ ಪುಟ ಮುಚ್ಚಿದಾಗ ಮುದುಕನ ಮಾತು ಕಿವಿಯಲ್ಲಿ ಬಂತು. ಹೋಗುವುದು ಎಂದರೆ ಏನು, ಬಿಟ್ಟು ಹೋಗುವುದು ಎಂದರೆ ಏನು ಎಂದು ಆ ಜನರಿಗೆ ಚೆನ್ನಾಗಿ ಗೊತ್ತಿತ್ತು. ಕಾಯಿದೆ ಕೇಳಿದ ಪ್ರಶ್ನೆಗೆ ಅವರ ಉತ್ತರ ಆ ಎಲುಬಿನ ಗಂಟುಗಳಲ್ಲಿ ಇತ್ತು. 1768ರಲ್ಲಿ ಮೇರಿಲ್ಯಾಂಡ್ ಸರಕಾರ ಉಳಿದ ಹಕ್ಕನ್ನು 666 ಡಾಲರು ಚಿಲ್ಲರೆಗೆ ಕೊಂಡು ಕಡತ ಮುಗಿಸಿತು. ಎಲ್ಲರೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವರು ಪೂರ್ವಕ್ಕೆ, ಡೆಲವೇರಿನ ಇಂಡಿಯನ್ ರಿವರ್ ದಂಡೆಯಲ್ಲಿ ಸದ್ದಿಲ್ಲದೆ ಉಳಿದರು. 1881ರಲ್ಲಿ ಆ ರಾಜ್ಯದ ಕಾಯಿದೆ ಅವರನ್ನು ಬೇರೆ ಸಮುದಾಯವೆಂದು ಒಪ್ಪಿತು. ಮಿಲ್ಸ್‌ಬರೊ ಹತ್ತಿರ ಅವರದೊಂದು ಸಂಗ್ರಹಾಲಯವಿದೆ, ಸೆಪ್ಟೆಂಬರಿನಲ್ಲಿ ಹಬ್ಬ ಮಾಡುತ್ತಾರೆ. ವಿಯೆನ್ನಾದ ಸೀಮೆಯಲ್ಲಿಯೂ ನಾಸ್, ವೈವಾಶ್ ಎಂಬ ಎರಡು ಹಳೆಯ ಊರುಗಳ ಹೆಸರಿಟ್ಟುಕೊಂಡ ಗುಂಪೊಂದಿದೆ. ಅಳಿಯಂದಿರಿಗೆ ಇದನ್ನು ಹೇಳಿದಾಗ, “ಹಂಗಾದ್ರ ಮಾವಾರ, ಅವರು ಇಲ್ಲೇ ಅದಾರ ಅಂದಂಗಾತು” ಎಂದು ಬಹಳ ಹೊತ್ತು ಸುಮ್ಮನಿದ್ದರು.

ಹಿಂತಿರುಗುವ ಮುಂಚಿನ ಭಾನುವಾರ ಚಿಕೋನನ್ನು ನೋಡಬೇಕೆಂದು ಹಟ ಹಿಡಿದೆ. ವಿಯೆನ್ನಾದಿಂದ ಉತ್ತರಕ್ಕೆ ಹೋಗುವ ಆ ರಸ್ತೆಯ ಹೆಸರು ಇಂದಿಗೂ ಇಂಡಿಯನ್‌ಟೌನ್ ರಸ್ತೆ. ಹೊಲದ ನಡುವೆ ಹದಿನೆಂಟನೆಯ ಶತಮಾನದ ಒಂದೇ ಒಂದು ಇಟ್ಟಿಗೆ ಮನೆ. ಹ್ಯಾಂಡ್‌ಸೆಲ್ ಎಂದು ಅದರ ಹೆಸರು. 1665ರಲ್ಲಿ ಒಬ್ಬ ಇಂಗ್ಲಿಷ್ ವ್ಯಾಪಾರಿಗೆ ಇಲ್ಲಿ ನೆಲ ಬರೆದುಕೊಟ್ಟಾಗ ಆ ಪಟ್ಟಾಕ್ಕೆ ಇಟ್ಟ ಹೆಸರು ಅದು. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಬೋಣಿ ಎಂದು ಅರ್ಥ ಎಂದು ಮಗಳು ನಿಘಂಟು ನೋಡಿ ಹೇಳಿದಳು. ಇವರ ಊರಿನ ಮಗ್ಗುಲಲ್ಲಿಯೇ, ಮೀಸಲು ನೆಲ ಗುರುತಿಸುವುದಕ್ಕೂ ಹತ್ತೊಂಬತ್ತು ವರ್ಷ ಮೊದಲೇ, ಬೋಣಿ ಆಗಿಹೋಗಿತ್ತು. ಈಗ ಊರಿನ ಆಸಕ್ತರು ಸೇರಿ ಮನೆಯನ್ನು ಉಳಿಸಿ, ಅದರ ಹಿಂದೆ ಹಳೆಯ ರೀತಿಯ ಉದ್ದ ಮನೆಯೊಂದನ್ನು ಎಳೆಮರದ ಗಳುಗಳನ್ನು ಬಗ್ಗಿಸಿ ಕಟ್ಟಿ ನಿಲ್ಲಿಸಿದ್ದಾರೆ. ಒಳಗೆ ಹೋಗಿ ನಿಂತೆ. ತಂಪಾಗಿತ್ತು, ಹುಲ್ಲಿನ ವಾಸನೆ. ಮೊಮ್ಮಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿದಳು.

ಹೊರಗೆ ಬಂದಾಗ ನನಗೆ ಹಳೆಯ ಚಟ ಬಂತು. ಇಟ್ಟಿಗೆ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಹೆಜ್ಜೆ ಎಣಿಸುತ್ತ ಹೊರಟೆ. ಹಿಂದೆ ಸರಪಳಿ ಇಲ್ಲದಾಗ ಎಷ್ಟೋ ಹೊಲಗಳನ್ನು ಹೀಗೆ ಅಳೆದಿದ್ದೇನೆ, ನನ್ನ ಹೆಜ್ಜೆಯಲ್ಲಿ ಹೆಚ್ಚು ತಪ್ಪು ಬರುವುದಿಲ್ಲ. ನೂರು, ನೂರೈವತ್ತು, ಇನ್ನೂರು. ಮನೆ ಹಿಂದೆ ಚಿಕ್ಕದಾಗುತ್ತಾ ಹೋಯಿತು. ಇನ್ನೂರ ಎಪ್ಪತ್ತಕ್ಕೆ ಹುಲ್ಲು ಮುಗಿದು ಗೋವಿನಜೋಳದ ಹೊಲ ಬಂತು. ಆಳೆತ್ತರದ ಜೋಳ. ಎರಡು ಸಾಲಿನ ನಡುವೆ ಕಾಲಿಟ್ಟೆ, ಎಣಿಸುತ್ತಲೇ ಇದ್ದೆ.

ಹಿಂದಿನಿಂದ ಮಗಳು ಕೂಗಿದಳು: “ಅಪ್ಪಾ, ಒಳಗ ಹೋಗಬ್ಯಾಡ್ರಿ! ಅದು ಯಾರದೋ ಹೊಲ!”